ಎರಡು ಸಾವಿರದ ಐನೂರ ಇಪ್ಪತ್ತರ ಮೇಲೊಂದು

ಮಠದಲ್ಲಿ ಊಟ ಬಡಿಸುವ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ನಾನು ಯಾರಿಗೂ ಹೆಚ್ಚು ಹಾಕುವುದಿಲ್ಲ, ಯಾರಿಗೂ ಕಡಿಮೆ ಮಾಡುವುದಿಲ್ಲ. ಆದರೂ ಒಬ್ಬರಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ನನ್ನ ತಪ್ಪೇನು?"

ಗುರುಗಳು ನಕ್ಕರು. "ಕೂತುಕೋ. ಲೆಕ್ಕದಲ್ಲಿ ನಿನ್ನನ್ನೂ ಮೀರಿಸಿದ ಒಬ್ಬ ವರ್ತಕನಿದ್ದ" ಎಂದು ಕತೆ ಹೇಳತೊಡಗಿದರು.

ಆ ವರ್ತಕನ ಮಗಳಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಚಿನ್ನದಂಥವನು, ಮಗಳು ಮನಸಾರೆ ಒಪ್ಪಿದ್ದಳು. ಹುಡುಗನ ಸೋದರಮಾವ ಮಾತ್ರ ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ. ಹಿಂದೊಂದು ನಿಶ್ಚಿತಾರ್ಥದಲ್ಲಿ ತನ್ನ ಪಂಕ್ತಿಗೆ ಒಂದು ಲಾಡು ಕಡಿಮೆ ಬಿತ್ತೆಂದು ಎಲೆ ಬಿಟ್ಟು ಎದ್ದು, ಆ ಸಂಬಂಧವನ್ನೇ ಮುರಿದುಬಂದಿದ್ದ. ಈ ಮದುವೆಗೂ ಅದೇ ಗತಿಯಾದರೆ ಏನೆಂದು ವರ್ತಕನಿಗೆ ಭಯ.

ಅವರ ಪದ್ಧತಿಯಲ್ಲಿ ಲಾಡನ್ನು ಪಂಕ್ತಿಗೊಂದು ಬುಟ್ಟಿಯಂತೆ ಸಮನಾಗಿ ಎಣಿಸಿ ಇಡಬೇಕು. ಚಪ್ಪರದಲ್ಲಿ ಹತ್ತು ಪಂಕ್ತಿಗೆ ಜಾಗವಿತ್ತು. ಎಷ್ಟು ಕೂರುತ್ತವೆ ಎಂದು ಯಾರು ಬಲ್ಲರು? ವರ್ತಕ ಹುಣಸೆಬೀಜ ಹರಡಿಕೊಂಡು ಕೂತ. ಕೊನೆಗೆ ಎರಡು ಸಾವಿರದ ಐನೂರ ಇಪ್ಪತ್ತು ಎಂಬ ಸಂಖ್ಯೆ ಸಿಕ್ಕಿತು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲ. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಆ ಗುಣವಿಲ್ಲ. ಅಷ್ಟು ಲಾಡು ಕಟ್ಟಿಸಿ ಅವನು ನಿರಾಳವಾದ.

ಅವನ ತಾಯಿಗೆ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ. ಶುಭಕಾರ್ಯದ ಎಣಿಕೆ ಸೊನ್ನೆಗೆ ನಿಲ್ಲಬಾರದೆಂದು ಮುದುಕಿ ತನ್ನ ಕೈಯಾರೆ ಇನ್ನೊಂದು ಕಟ್ಟಿ ರಾಶಿಯ ಮೇಲಿಟ್ಟಳು.

ನಿಶ್ಚಿತಾರ್ಥದ ದಿನ ಏಳು ಪಂಕ್ತಿ ಕೂತವು. ಬುಟ್ಟಿಗೆ ಮುನ್ನೂರ ಅರವತ್ತರಂತೆ ಹಾಕಿದರು. ಒಂದು ಉಳಿಯಿತು. ಸೋದರಮಾವ ಹುಬ್ಬೇರಿಸಿದ. ವರ್ತಕ ಗಾಬರಿಯಾಗಿ ಎಂಟು ಪಂಕ್ತಿ ಮಾಡಿಸಿದ. ಮುನ್ನೂರ ಹದಿನೈದರಂತೆ ಹೋಗಿ ಮತ್ತೆ ಒಂದು. ಒಂಬತ್ತು ಮಾಡಿಸಿದ; ಮತ್ತೂ ಒಂದು! ಹಾಳಾದ್ದು, ಎರಡು ಸಾವಿರದ ಐನೂರ ಇಪ್ಪತ್ತೊಂದು ಎಂಬ ಸಂಖ್ಯೆಯೇ ಅಂಥದ್ದು. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಭಾಗವಾಗದು. ಹತ್ತಲ್ಲ, ಐವತ್ತು ಪಂಕ್ತಿ ಹಾಕಿದ್ದರೂ ಬಗ್ಗುತ್ತಿರಲಿಲ್ಲ. ಎಲೆ ಹಿಡಿದುಕೊಂಡು ಅತ್ತಿಂದಿತ್ತ ಓಡಾಡಿದ ಜನರಿಗೆ ನಗು ತಡೆಯಲಾಗಲಿಲ್ಲ. ವರ್ತಕನಿಗೆ ಮಾತ್ರ ಅಳು ಬಂತು.

"ಇದು ಯಾರ ಪಾಲಿನದು? ಯಾವ ಪಂಕ್ತಿಗೆ ಕಡಿಮೆ ಹಾಕಿದ್ದೀರಿ?" ಎಂದು ಸೋದರಮಾವ ಎದ್ದೇ ನಿಂತ.

ಮುದುಕಿ ಆ ಲಾಡನ್ನು ಎತ್ತಿಕೊಂಡು ಅವನ ಮುಂದೆ ಬಂದಳು. "ಯಾರ ಪಾಲಿನದೂ ಅಲ್ಲ ಕಣಪ್ಪಾ. ನಿಮ್ಮ ಲೆಕ್ಕ ಎಲ್ಲ ಮುಗಿದ ಮೇಲೆ ನಾನು ಕಟ್ಟಿದ್ದು. ಎಲ್ಲಿ, ಬಾಯಿ ತೆಗಿ" ಎಂದು ಇಡಿಯಾಗಿ ಬಾಯಿಗೆ ತುರುಕಿದಳು.

ಬಾಯಿ ತುಂಬಿದವನು ಏನು ಜಗಳವಾಡಿಯಾನು? ಚಪ್ಪರವೆಲ್ಲ ನಕ್ಕಿತು. ಅಗಿಯುತ್ತ ಅಗಿಯುತ್ತ ಅವನೂ ನಕ್ಕುಬಿಟ್ಟ. ತಾಯಿ ಹೋದ ಮೇಲೆ ಅವನಿಗೆ ಹಾಗೆ ಯಾರೂ ತಿನ್ನಿಸಿರಲಿಲ್ಲ. ಊಟ ಮುಗಿಯುತ್ತಲೇ ಅವನೇ ಮುಂದೆ ನಿಂತು ತಾಂಬೂಲ ಬದಲಾಯಿಸಿದ.

ಶಿಷ್ಯ ಕೇಳಿದ: "ಹಾಗಾದರೆ ವರ್ತಕನ ಲೆಕ್ಕ ತಪ್ಪಾಗಿತ್ತೇ, ಗುರುಗಳೇ?"

"ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಬಡಿಸಿದ್ದೀಯಲ್ಲ, ಯಾರನ್ನಾದರೂ ಒಮ್ಮೆ 'ಇನ್ನೊಂದು ಹಾಕಲೇ' ಎಂದು ಕೇಳಿದ್ದೀಯಾ?"