ತಾಮ್ರದ ಹಲಗೆಯ ಕುಳಿ

ಪ್ರಯೋಗಾಲಯದಲ್ಲಿ ಗುಜರಿಗೆಂದು ತೆಗೆದಿಟ್ಟ ತಾಮ್ರದ ಹಲಗೆ ತನ್ನ ಮೈಮೇಲಿನ ಕುಳಿಯನ್ನೇ ನೋಡಿಕೊಳ್ಳುತ್ತಿತ್ತು. ಹಿಂದೆ ಪರೀಕ್ಷೆಗಾಗಿ ಉಕ್ಕಿನ ಗುಂಡನ್ನು ಒಂದೇ ಭಾರದಲ್ಲಿ ಎರಡು ಸಲ ಒತ್ತಿದ ಗುರುತು ಅದು.

"ಇನ್ನೂ ಗುಂಡಣ್ಣನ ಧ್ಯಾನವೇ, ಅಜ್ಜಿ?" ಕಂಪ್ಯೂಟರ್ ನಕ್ಕಿತು. "ಈಗ ಒತ್ತುವುದೆಲ್ಲ ನನ್ನ ಲೆಕ್ಕದಲ್ಲಿ. ಪ್ರತಿ ಸಲವೂ ಹಿಂದಿನದನ್ನು ಮರೆತು ಹೊಸದಾಗಿ ಶುರು."

"ಅದೇ ಭಾರ ಎರಡನೆಯ ಸಲ ಹೇರಿದರೆ?"

"ಮತ್ತೆ ಅಷ್ಟೇ ತಗ್ಗುತ್ತೀರಿ."

"ಇಲ್ಲ ಮಗು, ತಗ್ಗಲಿಲ್ಲ. ಮೊದಲ ಸಲವೇ ನಾನು ಗಟ್ಟಿಯಾಗಿಬಿಟ್ಟಿದ್ದೆ."

ಹಲಗೆಯನ್ನು ಎಸೆಯುವ ಮೊದಲು ಪ್ರಯೋಗಾಲಯದ ಮೇಷ್ಟ್ರು ಕುಳಿಯನ್ನು ಅಳೆದರು. ಕಂಪ್ಯೂಟರಿನ ಲೆಕ್ಕದ ಕುಳಿ ಅದರ ಇಮ್ಮಡಿ ಆಳವಿತ್ತು. ಅವರು ಹಲಗೆಯನ್ನು ಒರೆಸಿ ಕಂಪ್ಯೂಟರಿನ ಪಕ್ಕದಲ್ಲಿಟ್ಟರು.

"ಗುಂಡಣ್ಣನಿಗೂ ಇದೆಲ್ಲ ನೆನಪಿತ್ತೇ, ಅಜ್ಜಿ?"

ಹಲಗೆ ತನ್ನ ಕುಳಿಯನ್ನು ಮತ್ತೊಮ್ಮೆ ನೋಡಿಕೊಂಡಿತು. ಹೋದ ವರ್ಷ ಗುಂಡನ್ನು ಗುಜರಿಗೆ ಹಾಕಿದಾಗ ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ.