ದಾದಿಯ ಕೂಸಿಗೆ ಬಂದ ನಿದ್ದೆ

ಎಲ್ಲರೂ ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು ದೀಪದ ಕಡೆಗೆ ಮುಖಮಾಡಿ ಕುಳಿತುಕೊಳ್ಳಿರಿ. ಮಾತು ಉಳಿದವರು ಪಡಸಾಲೆಗೆ ಹೋಗಿ ಮುಗಿಸಿಕೊಂಡು ಬನ್ನಿ, ಕಥೆಯೇನೂ ಓಡಿಹೋಗುವುದಿಲ್ಲ. ಮುಂಜಾವಿಗೂ ಮುಸ್ಸಂಜೆಗೂ ಒಡತಿಯಾದ ಹೊತ್ತಿನಮ್ಮನಿಗೆ ಕೈಮುಗಿದು, ನಮ್ಮ ಹಿರಿಯರು ಹೇಳಿದ್ದನ್ನು ಹೇಳುತ್ತೇನೆ.

ಹಂಸಾವತಿಯೆಂಬ ಪಟ್ಟಣವನ್ನು ಜಯಕೀರ್ತಿಯೆಂಬ ಅರಸನು ಆಳುತ್ತಿರಲು, ಅವನಿಗೆ ಪದ್ಮಗಂಧಿಯೆಂಬ ಪಟ್ಟದರಸಿ ಇದ್ದಳು. ಬಹುಕಾಲ ಬಸಿರು ನಿಲ್ಲದೆ, ಕಂಡ ಕಂಡ ದೇವರಿಗೆ ಹರಕೆ ಹೊತ್ತು, ಕಡೆಗೊಂದು ಗಂಡುಕೂಸನ್ನು ಹಡೆದಳು. ಆಕೆಗೆ ರೂಪಕ್ಕೆ ಕೊರತೆಯಿಲ್ಲ, ಸಿರಿಗೆ ಕೊರತೆಯಿಲ್ಲ, ಗರ್ವಕ್ಕಂತೂ ಕೊರತೆಯೇ ಇಲ್ಲ. ಹೊತ್ತು ನೆತ್ತಿಗೇರಿದ ಮೇಲೆ ಏಳುವಳು, ಎದ್ದ ಮೇಲೆ ಬಾಗಿಲಿಗೆ ನೀರು ಹಾಕಿಸುವಳು, ಉಣ್ಣುವ ಹೊತ್ತಿನಲ್ಲಿ ಮಲಗುವಳು, ಮಲಗುವ ಹೊತ್ತಿನಲ್ಲಿ ಪಗಡೆ ಹಾಸುವಳು, ದೀಪ ಹಚ್ಚುವ ಹೊತ್ತಿನಲ್ಲಿ ತಲೆಬಿಚ್ಚಿ ಬಾಚಿಕೊಳ್ಳುವಳು. ಒಡತಿ ಹಾಗಿದ್ದ ಮೇಲೆ ಆಳುಗಳು ಹೇಗಿದ್ದಾರು? ಅವರೂ ಆಕೆ ಏಳುವ ತನಕ ಗೊರಕೆ ಹೊಡೆಯುವರು. ಇಂಥವರು ಅರಮನೆಯಲ್ಲೇ ಇರಬೇಕೆಂದಿಲ್ಲ, ಈ ಮನೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಹೀಗಿರುವಲ್ಲಿ, ಅರಸನು ಗಡಿಯ ಯುದ್ಧಕ್ಕೆ ಹೋಗಿರಲು, ಆ ಕೂಸಿಗೆ ನಿದ್ದೆಯೆಂಬುದು ಇಲ್ಲವಾಯಿತು. ತೂಗಿದರೆ ಅಳುವುದು, ಎತ್ತಿದರೆ ಅಳುವುದು, ಕಣ್ಣು ಮುಚ್ಚಿದಂತೆ ಮಾಡಿ ಮತ್ತೆ ಬೆಚ್ಚಿ ಕಿರುಚುವುದು. ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು, ಬಜೆ ತೇಯ್ದು ನೆಕ್ಕಿಸಿದರು. ಕೂಸು ಮೊಲೆ ಕಚ್ಚುವ ಬಲವೂ ಇಲ್ಲದೆ ಬತ್ತುತ್ತ ಬಂದಿತು. ಕಡೆಗೆ ಅರಮನೆಯ ವೈದ್ಯನು ನಾಡಿ ಹಿಡಿದು ನೋಡಿ, ನಿದ್ದೆ ಬಾರದಿದ್ದರೆ ಈ ಜೀವ ಉಳಿಯಲಾರದು ಎಂದು ತಲೆತಗ್ಗಿಸಿ ಹೊರಟುಹೋದನು. ಪದ್ಮಗಂಧಿ ಕೂಸನ್ನು ಎದೆಗವಚಿಕೊಂಡು ಗೋಳಾಡಿದಳು. ಹಡೆದವಳ ಸಂಕಟಕ್ಕೆ ಅರಸಿಯೆಂದೂ ಆಳೆಂದೂ ಭೇದವಿಲ್ಲ.

ಆಗ ಒಬ್ಬ ಮುದಿ ಮುತ್ತೈದೆ ಬಾಗಿಲಿಗೆ ಬಂದು ಕುಡಿಯಲು ಮಜ್ಜಿಗೆ ಬೇಡಿದಳು. ಮಜ್ಜಿಗೆ ಕುಡಿದು, ಕೂಸಿನ ಅಳು ಕೇಳಿ, ಈ ಮನೆಯಲ್ಲಿ ಹೊತ್ತು ಹುಟ್ಟುವುದೂ ಇಲ್ಲ ಮುಳುಗುವುದೂ ಇಲ್ಲ, ನಿದ್ದೆ ಯಾವ ಬಾಗಿಲಿನಿಂದ ಬಂದೀತು ಎಂದಳು. ಅರಸಿಯು ಪರಿಹಾರ ಕೇಳಲಾಗಿ, ಹೊತ್ತಿನಮ್ಮನ ವ್ರತವನ್ನು ಹೇಳಿದಳು. ಸೂರ್ಯ ಕಾಣುವ ಮುನ್ನ ಎದ್ದು, ಮುಖ ತೊಳೆದು, ಹೊಸ್ತಿಲು ಸಾರಿಸಿ, ಎಳೆ ರಂಗೋಲಿ ಇಟ್ಟು, ಒಂದು ದೀಪ ಹಚ್ಚಿ, ಒಂದು ಹೂಬತ್ತಿ ಹೊಸೆಯುವಷ್ಟು ಹೊತ್ತು ಸುಮ್ಮನೆ ಕುಳಿತಿರಬೇಕು. ಏಳುವ ಮುನ್ನ ಆ ದಿನ ಆಗಲೇಬೇಕಾದ ಒಂದೇ ಒಂದು ಕೆಲಸವನ್ನು ದೀಪಕ್ಕೆ ಹೇಳಿ, ಬೇರೇನಕ್ಕೂ ಕೈಹಾಕದೆ ಮೊದಲು ಅದನ್ನೇ ಮಾಡಬೇಕು. ಸಂಜೆ ಕೈಕಾಲು ತೊಳೆದು, ಹರವಿದ ಸಾಮಾನನ್ನು ಅದರದರ ಜಾಗದಲ್ಲಿಟ್ಟು, ಮತ್ತೆ ದೀಪ ಹಚ್ಚಿ, ಆದದ್ದನ್ನೂ ಆಗದೆ ಉಳಿದದ್ದನ್ನೂ ಅದಕ್ಕೆ ಒಪ್ಪಿಸಿಬಿಡಬೇಕು. ದೀಪ ಹಚ್ಚಿದ ಮೇಲೆ ಮನೆಯಲ್ಲಿ ದನಿ ಏರಬಾರದು. ಮಗುವನ್ನು ದಿನವೂ ಅದೇ ಜಾಗದಲ್ಲಿ ಅದೇ ಹಾಡು ಹೇಳಿ ಮಲಗಿಸಬೇಕು. ಹೆಚ್ಚು ಮಾಡಬೇಡ, ತಪ್ಪಿಸಬೇಡ, ನಿನ್ನ ಕೈಯಾರೆ ಮಾಡು ಎಂದು ಹೇಳಿ ಆಕೆ ಹೊರಟುಹೋದಳು. ಬಂದವಳು ಯಾರೆಂದು ನಿಮಗೆ ಗೊತ್ತು, ಅರಸಿಗೆ ಗೊತ್ತಾಗಲಿಲ್ಲ.

ಪದ್ಮಗಂಧಿಯು ಯೋಚಿಸಿದಳು. ಗುಡಿಯಲ್ಲಿ ಅರ್ಚಕನು ಪೂಜೆ ಮಾಡಿದರೆ ಪುಣ್ಯ ಸಂಕಲ್ಪ ಮಾಡಿಸಿದವರಿಗೆ. ದಂಡು ಕಾದಾಡಿದರೆ ಗೆಲುವು ಅರಸನಿಗೆ. ಹಾಗಿರುವಲ್ಲಿ ಅರಸಿಯ ಕೈಯೆಂದರೆ ಆಳಿನ ಕೈಯೂ ಸೇರಿತಲ್ಲ ಎಂದುಕೊಂಡು, ತೊಟ್ಟಿಲು ತೂಗುವ ದಾದಿ ಮಾಚಲೆಯನ್ನು ಕರೆಸಿದಳು. ಮಾಚಲೆಗೂ ಅದೇ ವಯಸ್ಸಿನ ಹೆಣ್ಣುಕೂಸು ಇತ್ತು, ಅದೂ ರಚ್ಚೆ ಹಿಡಿಯುವ ಕೂಸೇ. ವ್ರತವನ್ನು ನೀನು ಮಾಡು, ಹೆಸರು ಗೋತ್ರ ಮಾತ್ರ ನನ್ನದು ಹೇಳು ಎಂದು ಅಪ್ಪಣೆ ಕೊಟ್ಟು, ಪದ್ಮಗಂಧಿ ಮಗ್ಗುಲಾದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ; ಆಕೆಗೆ ಕೆಸರು ಮಾಚಲೆಗೆ, ಮೊಸರು ತನಗೆ ಎಂಬ ಲೆಕ್ಕ.

ಮಾಚಲೆ ಒಂದು ಹೊತ್ತೂ ತಪ್ಪಿಸದೆ ನಡೆಸಿದಳು. ಬೆಳಿಗ್ಗೆ ತನ್ನ ಗುಡಿಸಲಿನಿಂದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಅರಮನೆಯ ಹೊಸ್ತಿಲು ಸಾರಿಸುವಳು, ಸಂಜೆ ದೀಪ ಹಚ್ಚಿ, ಅರಸಿಯ ಹೆಸರು ಹೇಳಿ, ಕೂಸಿನೊಡನೆ ಮನೆಗೆ ಹೋಗಿ ಮಲಗುವಳು. ದಿನಗಳು ಕಳೆಯಲು ದಾದಿಯ ಕೂಸು ದೀಪದ ಹೊತ್ತಿಗೆ ಕಣ್ಣು ಮುಚ್ಚಿ ಕೋಳಿ ಕೂಗುವ ಹೊತ್ತಿಗೆ ನಗುತ್ತ ಏಳತೊಡಗಿತು, ಕೆನ್ನೆ ತುಂಬಿಕೊಂಡಿತು. ಅರಸಿಯ ಕೂಸು ಮಾತ್ರ ಬತ್ತುತ್ತಲೇ ಇತ್ತು. ಇದನ್ನು ಕೇಳಿ ಪದ್ಮಗಂಧಿಗೆ ಮೈಯೆಲ್ಲ ಉರಿದು, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಹಾಗೆ, ದಾದಿಯನ್ನು ಎದುರಿಗೆ ನಿಲ್ಲಿಸಿದಳು.

“ನನ್ನ ಹೆಸರಿನ ದೀಪದ ಫಲ ನಿನ್ನ ಮನೆಗೆ ಹೇಗೆ ಹೋಯಿತು? ಕದ್ದೆಯಾ?”

“ತಾಯಿ, ಹೆಸರು ನಿಮ್ಮದೇ ಹೇಳಿದೆ. ಎದ್ದವಳು ನಾನು,” ಎಂದಳು ಮಾಚಲೆ.

ಅರಸಿಯು ಆಕೆಯನ್ನು ಕಣಜದ ಕೋಣೆಗೆ ಹಾಕಿಸಿ, ಫಲ ಕೂಸಿನ ಜೊತೆಗೇ ಬಂದೀತೆಂದು ಆ ಹೆಣ್ಣುಕೂಸನ್ನು ತರಿಸಿ ತನ್ನ ಮಗನ ಮಗ್ಗುಲಲ್ಲಿ ಮಲಗಿಸಿದಳು. ಇಂಥ ಬುದ್ಧಿಗೆ ಏನೆನ್ನೋಣ! ತಾಯಿಯ ವಾಸನೆ ಸಿಗದೆ ಆ ಕೂಸೂ ಅಳತೊಡಗಿತು.

ಬೆಳಗಾಗುವ ಮುನ್ನ ಎರಡು ಕೂಸುಗಳೂ ದನಿಗೆ ದನಿ ಸೇರಿಸಿದವು. ಪದ್ಮಗಂಧಿ ಆಳುಗಳನ್ನು ಕೂಗಿದಳು. ಒಬ್ಬರೂ ಏಳಲಿಲ್ಲ, ಹೊತ್ತಿಗೆ ಏಳುವವಳೊಬ್ಬಳು ಇದ್ದಳು, ಅವಳಿಗೆ ಬೀಗ ಬಿದ್ದಿತ್ತು. ಮಗನ ದನಿ ಸಣ್ಣದಾಗುತ್ತಿರುವುದು ಕೇಳಿ ಅರಸಿಗೆ, ಇನ್ನು ಮಾಡಿಸಲು ಯಾರೂ ಇಲ್ಲವೆಂದು ತಿಳಿಯಿತು. ಎದ್ದಳು. ಹುಟ್ಟಿದಂದಿನಿಂದ ಪೊರಕೆ ಹಿಡಿಯದ ಕೈ. ಹೊಸ್ತಿಲು ಸಾರಿಸುವಾಗ ಸೀರೆಯೆಲ್ಲ ಒದ್ದೆ, ರಂಗೋಲಿ ಎಳೆದದ್ದು ಹಾವು ಹರಿದಂತೆ. ಹೇಗೋ ದೀಪ ಹಚ್ಚಿ, ಎರಡು ಕೂಸುಗಳನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಇಂದು ಆಗಲೇಬೇಕಾದ ಕೆಲಸ ಯಾವುದೆಂದು ಹೇಳುವ ಹೊತ್ತು ಬಂದಾಗ ಬಾಯಿಗೆ ಬಂದದ್ದು ಒಂದೇ: ಮಾಚಲೆಯನ್ನು ಬಿಡಿಸುವುದು.

ಹೇಳಿದ ಮೇಲೆ ಬೇರೇನಕ್ಕೂ ಕೈಹಾಕುವಂತಿಲ್ಲ. ಒದ್ದೆ ಸೀರೆಯಲ್ಲೇ ಹೋಗಿ ಕಣಜದ ಬಾಗಿಲು ತೆರೆದು, ಕೂಸನ್ನು ಅದರ ತಾಯಿಯ ಕೈಗಿತ್ತು, ತಪ್ಪಾಯಿತು ಎಂದಳು. ಅರಸಿಯ ಬಾಯಲ್ಲಿ ಆ ಮಾತು ಅದೇ ಮೊದಲು. ಮಾಚಲೆ ಕೂಸಿಗೆ ಹಾಲು ಕೊಡುತ್ತ ಅಲ್ಲಿಯೇ ಕುಳಿತು ಅತ್ತಳು.

ಅಂದು ಸಂಜೆ ಪಗಡೆ ಪೆಟ್ಟಿಗೆ ಸೇರಿತು, ಮಾತು ತಗ್ಗಿತು, ದೀಪ ಹತ್ತಿತು, ಅರಸಿಯು ತನಗೆ ಬರುವ ಒಂದೇ ಹಾಡನ್ನು ಹೇಳಿದಳು. ಕೂಸು ಮಲಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಬಿತ್ತಿದ ಮರುದಿನವೇ ಕೊಯ್ಯಲಾದೀತೇ? ದೀಪಗಳನ್ನು ಸಾಲಾಗಿ ಹಚ್ಚಿಸಿದರೆ ಬೇಗ ಫಲ ಬಂದೀತೇನೋ ಎಂದು ಒಮ್ಮೆ ಮನಸ್ಸಾಯಿತು. ಹೆಚ್ಚು ಮಾಡಬೇಡವೆಂಬ ಮಾತು ನೆನೆದು ಬಿಟ್ಟಳು. ಬೇಸರ ಬಂದ ದಿನವೂ ಎದ್ದಳು, ಮೈ ನೊಂದ ದಿನವೂ ಎದ್ದಳು. ಆಕೆ ಎದ್ದದ್ದು ಕಂಡು ಆಳುಗಳೂ ಒಬ್ಬೊಬ್ಬರಾಗಿ ಏಳತೊಡಗಿದರು, ಅರಮನೆಯ ಕೆಲಸಗಳು ಮಧ್ಯಾಹ್ನದೊಳಗೆ ಮುಗಿಯತೊಡಗಿದವು.

ಹೀಗೆ ನಡೆಯುತ್ತಿರಲು ಒಂದು ಮುಸ್ಸಂಜೆ, ದೀಪ ಹಚ್ಚಿ ಹಾಡು ಹಿಡಿದಾಗ, ಕೂಸು ಆಕಳಿಸಿತು. ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮತ್ತೆ ತೆರೆಯಲಿಲ್ಲ. ಪದ್ಮಗಂಧಿ ಹೆದರಿ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ ತಾಕಿತು. ಸದ್ದು ಮಾಡದೆ ಅತ್ತಳು. ಆ ವೇಳೆಗೆ ಜಯಕೀರ್ತಿರಾಯನು ಗಡಿಯ ಯುದ್ಧ ಗೆದ್ದು ಭೇರಿ ಬಾರಿಸುತ್ತ ಬರುತ್ತಿರಲು, ಆಕೆ ಬಾಗಿಲ ಕಡೆಗೆ ಒಂದು ಬೆರಳೆತ್ತಿದಳು. ಭೇರಿ ನಿಂತಿತು. ಹಗೆಗಳನ್ನು ಗಡಗಡ ನಡುಗಿಸಿದ ರಾಯನು ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಒಳಗೆ ಬಂದು, ತೊಟ್ಟಿಲ ಬಳಿ ಉಸಿರು ಬಿಗಿಹಿಡಿದು ನಿಂತನು.

ಆ ಕೂಸು ಬೆಳೆದು ಬಹುಕಾಲ ರಾಜ್ಯವಾಳಿತು. ಮಾಚಲೆಯ ಮಗಳೂ ತುಂಬಿದ ಮನೆ ಸೇರಿ ಸುಖವಾಗಿದ್ದಳು. ಈ ಕಥೆಯನ್ನು ಹೇಳಿದವರ, ಮನಸ್ಸಿಟ್ಟು ಕೇಳಿದವರ ಮನೆಯಲ್ಲಿ ಬೆಳಗು ಕೆಲಸವನ್ನು ತರಲಿ, ಸಂಜೆ ನೆಮ್ಮದಿಯನ್ನು ತರಲಿ, ತೊಟ್ಟಿಲಿಗೆ ನಿದ್ದೆ ಇಳಿಯಲಿ. ಬಾರದವರಿಗೆ ಪ್ರಸಾದ ಒಯ್ಯಿರಿ, ಕಥೆಯನ್ನೂ ಹೇಳಿರಿ; ಅವರ ಪಾಲಿಗೆ ನಾಳೆ ಏಳಬೇಕಾದವರು ಅವರೇ.