ಬಳೆ ಹಾಕಿಸಿದ ದೊಣ್ಣೆ

"ಗುರುಗಳೇ, ನೆರೆಯ ಅರಸ ಗಡಿಯಲ್ಲಿ ಪಡೆ ಕೂಡಿಸುತ್ತಿದ್ದಾನೆ. ಅವನು ಏರಿ ಬರುವ ಮೊದಲೇ ನಾವು ಏರಿ ಹೋದರೆ ಅದು ನ್ಯಾಯವೇ? ನೀವು ಹೂಂ ಎಂದರೆ ನಾಳೆಯೇ ದಂಡು ಹೊರಡುತ್ತದೆ" ಎಂದು ದಳವಾಯಿ ಮಾದರಸ ಕೇಳಿದ. ಅವನು ಆ ಬೆಟ್ಟದ ಮಠದಲ್ಲೇ ಓದಿ ಬೆಳೆದವನು. ಹೂಂ ಎನ್ನಿಸಿಕೊಂಡೇ ಹೋಗುವ ಧೈರ್ಯ ಅವನ ಮುಖದಲ್ಲಿತ್ತು.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮೇಲಾದರೂ ಕೈ ಮಾಡಿದವರು, ಹೊಡೆದ ವಸ್ತುವನ್ನು ತಂದು ಪಂಚರ ಮುಂದೆ ಇಡಬೇಕು. ಪಂಚರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ಮಾತು. ಒಮ್ಮೆ ಒಬ್ಬ ಹೆಂಗಸು ರೊಟ್ಟಿಯ ಹಂಚನ್ನು ತಂದಿಟ್ಟಳು. ಕೊಡಲಿ ಎತ್ತಿ ಬಂದವನ ತಲೆಗೆ ಅವಳು ಅದರಲ್ಲೇ ಬಡಿದಿದ್ದಳು. ಅಂಟಿದ ಹಿಟ್ಟು ಇನ್ನೂ ಹಾಗೇ ಇತ್ತು. ಪಂಚರು ಒಂದು ಮಾತೂ ಕೇಳದೆ, "ಹೋಗು ತಾಯಿ, ರೊಟ್ಟಿ ಸುಡು" ಎಂದು ಕಳಿಸಿದರು. ಎತ್ತಿದ ಕೊಡಲಿ ಇಳಿಯುವ ತನಕ ಕಾಯಬೇಕೆಂದು ಹೇಳಲು ಅವರೇನು ದಡ್ಡರೇ?

ಅದೇ ಊರಿನ ಒಬ್ಬ ರೈತನಿಗೆ ನೆರೆಹೊಲದವನ ಮೇಲೆ ಗುಮಾನಿ. ಅವನು ಬದುವಿನ ಮೇಲೆ ಕೂತು ಕೊಡಲಿ ಮಸೆಯುತ್ತಿದ್ದ. ಮಸೆಯುತ್ತ ಇವನ ಕಡೆ ನೋಡುತ್ತಿದ್ದ. ಅದೇನೂ ಸುಳ್ಳಲ್ಲ. ಒಂದು ಮುಂಜಾನೆ ರೈತ ಹೋಗಿ, ಉಳುತ್ತಿದ್ದ ಅವನ ಬಲಗೈ ಮುರಿದ. ಆಮೇಲೆ ತಾನಾಗಿಯೇ ಹೊಡೆದ ದೊಣ್ಣೆ ಹಿಡಿದು ಪಂಚರ ಕಟ್ಟೆಗೆ ಬಂದ. ಆ ಹೆಂಗಸಿಗೆ ಸಿಕ್ಕ ನ್ಯಾಯ ತನಗೂ ಸಿಕ್ಕೇ ಸಿಗುತ್ತದೆಂದು ಎದೆಯುಬ್ಬಿಸಿ ನಿಂತ.

"ಬಿಟ್ಟಿದ್ದರೆ ಅವನು ನನ್ನನ್ನು ಕೊಲ್ಲುತ್ತಿದ್ದ. ಪ್ರಾಣಭಯದಿಂದ ಹೊಡೆದೆ" ಎಂದ.

ಹಿರಿಯ ಪಂಚ ದೊಣ್ಣೆಯನ್ನು ತಿರುಗಿಸಿ ನೋಡಿದ. ತುದಿಗೆ ಕಬ್ಬಿಣದ ಬಳೆ, ಮೈಗೆಲ್ಲ ಎಣ್ಣೆ. "ಚೆನ್ನಾಗಿದೆ. ಬಳೆ ಯಾರು ಹಾಕಿದ್ದು?"

"ನಮ್ಮ ಕಮ್ಮಾರ. ಅವಸರ ಮಾಡಬೇಡ, ಗಟ್ಟಿಯಾಗಿ ಕೂರಿಸು ಅಂತ ನಾನೇ ಹೇಳಿದ್ದೆ."

"ಪ್ರಾಣಭಯ ಬಂದವನು ಕೈಗೆ ಸಿಕ್ಕಿದ್ದನ್ನು ಎತ್ತುತ್ತಾನಪ್ಪ. ನೀನು ಮಾಡಿಸಿಕೊಂಡು ಬಂದಿದ್ದೀಯ. ಕುಲುಮೆಗೆ ಹೋಗುವಾಗ ಈ ಕಟ್ಟೆಯ ಮುಂದೆಯೇ ಹಾದು ಹೋಗಿದ್ದೀಯ, ನಮಗೊಂದು ದೂರೂ ಹೇಳಲಿಲ್ಲ. ಇನ್ನು ಅವನ ಕೈ ಕೂಡುವ ತನಕ ಅವನ ಹೊಲವನ್ನು ನೀನೇ ಉಳು."

ಗುರುಗಳು ಕತೆ ನಿಲ್ಲಿಸಿದರು. ದಳವಾಯಿಗೆ ಸಿಟ್ಟು ಬಂತು.

"ನಾನು ಆ ರೈತನಲ್ಲ ಗುರುಗಳೇ. ನನಗೆ ನಿಜವಾಗಿಯೂ ಹೊತ್ತಿಲ್ಲ."

"ಬೆಟ್ಟ ಹತ್ತಿ ಬಂದು ನನ್ನನ್ನು ಕೇಳಲು ಹೊತ್ತಿತ್ತಲ್ಲ ಮಾದರಸ, ಬೆಟ್ಟ ಇಳಿದು ಹೋಗಿ ಆ ಅರಸನನ್ನೇ ಕೇಳಲು ಇಲ್ಲವೇ?"